ಲಕ್ಷಿತನಿಗೊಂದು ಎಲೆ

ಯುದ್ಧದ ಊರುಗಳಲ್ಲಿ ಕ್ಯಾಮರಾ ಹಿಡಿದು ತಿರುಗಿದ ಉಚ್ಚಿಲದ ಧನರಾಜನಿಗೆ ಕಾಪುವಿನ ಹೂವಪ್ಪನ ಮನೆಯ ಮೆಟ್ಟಿಲು ಹತ್ತಲು ಕಾಲು ಏಳಲಿಲ್ಲ.

ಹೂವಪ್ಪನ ಮಗ ಲಕ್ಷಿತ್ ಸರಕು ಹಡಗಿನಲ್ಲಿ ಕೆಲಸಕ್ಕಿದ್ದವನು. ಎರಡು ವರ್ಷದ ಹಿಂದೆ ಯುದ್ಧ ನಡೆಯುತ್ತಿದ್ದ ಬಂದರೊಂದರಲ್ಲಿ ಕಾಣೆಯಾದ. ಹೆಣ ಸಿಗಲಿಲ್ಲ, ಸತ್ತನೆಂದು ಹೇಳುವವರೂ ಸಿಗಲಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆಲ್ಲ ಎಲೆ ಹಾಕಿ ಬಡಿಸುವಾಗ ತಾಯಿ ಪುಷ್ಪಾವತಿ ಅವನಿಗೆ ಮಾತ್ರ ಹಾಕುತ್ತಿರಲಿಲ್ಲ. ಬದುಕಿದ್ದವನಿಗೆ ಬಡಿಸಿದರೆ ಆಯುಷ್ಯಕ್ಕೆ ಕೇಡು. ಸತ್ತವನಿಗೆ ಬಡಿಸದಿದ್ದರೆ ಅವನು ಹಸಿದು ಅಲೆಯುತ್ತಾನೆ. ಈ ಎರಡರ ನಡುವೆ ಅವಳು ಸೊರಗಿಹೋಗಿದ್ದಳು.

ಆ ಬಂದರನ್ನು ಧನರಾಜ ದೂರದ ಮಹಡಿಯಿಂದ ಚಿತ್ರೀಕರಿಸಿದ್ದ. ಮಣಿಪಾಲದಲ್ಲಿ ಸಾಕ್ಷ್ಯಚಿತ್ರ ಜೋಡಿಸಲು ಕೂತಾಗ, ದೊಡ್ಡ ಪರದೆಯ ಮೇಲೆ, ಹಗ್ಗ ಸುತ್ತುತ್ತಿದ್ದವನು ಲಕ್ಷಿತನೆಂದು ಗುರುತು ಹತ್ತಿತು. ಮನೆಯವರ ಒಪ್ಪಿಗೆಯಿಲ್ಲದೆ ಊರಿಗೆಲ್ಲ ತೋರಿಸಬಾರದೆಂದು ಲ್ಯಾಪ್‌ಟಾಪ್ ಹಿಡಿದು ಬಂದಿದ್ದ. ಬಾಂಬ್ ಬೀಳುವುದನ್ನು ಮಾತ್ರ, ಹೆತ್ತವಳು ನೋಡುವುದು ಬೇಡವೆಂದು, ಕತ್ತರಿಸಿ ಬೇರೆ ಇಟ್ಟಿದ್ದ.

ಅಂದು ಬಡಿಸುವ ದಿನವೇ. ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು.

“ಸಪೂರ ಆಗಿದ್ದಾನೆ,” ಎಂದಳು ಪುಷ್ಪಾವತಿ, ಲ್ಯಾಪ್‌ಟಾಪಿನ ಪರದೆಯಲ್ಲಿ ಮಗನನ್ನು ನೋಡುತ್ತ.

“ಇಲ್ಲಿ ದೋಣಿಯ ಹಗ್ಗ ಹಿಡಿ ಅಂದರೆ ಕಿವಿಯೇ ಕೇಳುತ್ತಿರಲಿಲ್ಲ,” ಹೂವಪ್ಪ ಗೊಣಗಿದ. “ಅಲ್ಲಿ ನೋಡು, ಎಷ್ಟು ಚಂದ ಸುತ್ತುತ್ತಾನೆ!”

ಚಿತ್ರ ನಿಂತಿತು.

“ಮತ್ತೆ?”

“ಇಷ್ಟೇ ಇರುವುದು, ಪುಷ್ಪಕ್ಕ.”

“ಅಷ್ಟು ಯುದ್ಧ ನೋಡಿದಿ, ಒಂದು ಸುಳ್ಳು ಹೇಳಲಿಕ್ಕೆ ಕಲಿಯಲಿಲ್ಲ ಮಾರಾಯ. ಬಾಕಿ ಉಂಟು, ಅಲ್ವಾ?”

“ಅದು ನೋಡುವಂಥದ್ದಲ್ಲ.”

“ನೋಡುವಂಥದ್ದು ಅಂತ ನಾನು ಹೇಳಿದೆನಾ? ನೀನು ಅರ್ಧ ತೋರಿಸಿ ಅವನನ್ನು ಬದುಕಿಸಿ ಬಿಟ್ಟೆ. ಇನ್ನು ನಾನು ಎಂತ ಮಾಡುವುದು, ಹೇಳು? ಬಡಿಸುವುದಾ, ಕಾಯುವುದಾ?”

ಧನರಾಜ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ. ಉಳಿದದ್ದನ್ನು ತೆರೆದ.

ಬೆಳಕು. ಹೊಗೆ. ಹೊಗೆ ಸರಿದಾಗ ಲಕ್ಷಿತ್ ಹಡಗು ನಿಲ್ಲುವ ಧಕ್ಕೆಯ ಅಂಚಿನಲ್ಲಿ ಅಲುಗದೆ ಬಿದ್ದಿದ್ದ. ಆಮೇಲೆ ಆ ಅಂಚೇ ಮುರಿದು ಕಡಲಿಗೆ ಹೋಯಿತು.

ಹೂವಪ್ಪ ಗೋಡೆಯ ಕಡೆಗೆ ತಿರುಗಿದ. ಪುಷ್ಪಾವತಿ ಕಣ್ಣು ಮುಚ್ಚಲಿಲ್ಲ. ಪರದೆಯ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವವಳ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಒಳಗೆ ಹೋದಳು.

“ಒಂದು ಎಲೆ ಜಾಸ್ತಿ ಕೊಯ್ದು ತನ್ನಿ,” ಎಂದು ಗಂಡನಿಗೆ ಒಳಗಿನಿಂದಲೇ ಕೂಗಿದಳು.

ಹಿರಿಯರ ಎಲೆಗಳ ಕೊನೆಯಲ್ಲಿ ಮಗನ ಎಲೆ ಹಾಸಿ, ರೊಟ್ಟಿ ಮುರಿದು ಹಾಕಿ, ಮೇಲೆ ಸಾರು ಸುರಿದಳು. ಎರಡು ತುಂಡು ಹೆಚ್ಚೇ ಹಾಕಿದಳು. ತೀರಿಹೋದವರು ಬಂದು ನೆಮ್ಮದಿಯಿಂದ ಉಣ್ಣಲೆಂದು ಬಾಗಿಲು ಎಳೆದುಕೊಂಡು ಮೂವರೂ ಜಗಲಿಯಲ್ಲಿ ಕೂತರು.

ಧನರಾಜನ ಮೊಬೈಲ್ ಗುಂಯ್‌ಗುಟ್ಟಿತು. ಮಣಿಪಾಲದಿಂದ ಅವನ ಜೊತೆಗಾರ ಡೆನಿಸ್. “ಎಂತಾಯ್ತು? ಒಪ್ಪಿಗೆ ಸಿಕ್ಕಿತಾ?”

ಧನರಾಜ ಮುಚ್ಚಿದ ಬಾಗಿಲನ್ನು ನೋಡಿ ಸ್ವರ ತಗ್ಗಿಸಿದ.

“ಈಗ ಕೇಳಲಿಕ್ಕೆ ಆಗುವುದಿಲ್ಲ ಡೆನಿಸ್. ಅವನು ಊಟಕ್ಕೆ ಕೂತಿದ್ದಾನೆ.”