ಮುಂದಿನ ವಾರ

ಬಲಗೈ ಕೋಟಿನ ತೋಳಿನೊಳಗೆ ಇಳಿಯಲೇ ಇಲ್ಲ. ಮಗಳು ಅಪ್ಪನ ಮೊಣಕೈಯನ್ನು ಮೆಲ್ಲಗೆ ಮಡಿಸಲು ನೋಡಿದಳು. ಅದು ಕೊರಡಿನ ಹಾಗೆ ಸೆಟೆದುಕೊಂಡಿತ್ತು. ಮಂಚದ ಆಚೆ ಬದಿಯಲ್ಲಿ ಬಿಳಿ ಕೋಟಿನ ಕತ್ತುಪಟ್ಟಿ ಹಿಡಿದು ನಿಂತಿದ್ದ ಗ್ಯಾರೇಜಿನ ಮೇಸ್ತ್ರಿ, "ಎಳೀಬೇಡಮ್ಮ, ಹರಿದುಹೋಗುತ್ತೆ. ಬೆನ್ನಿನ ಹೊಲಿಗೆ ಬಿಚ್ಚಿಬಿಡೋಣ. ಮೇಲಿಂದ ಹೊದಿಸಿದ್ರೆ ಯಾರಿಗೂ ಗೊತ್ತಾಗಲ್ಲ," ಎಂದ.

"ಒಂದು ಸಲವೂ ಹಾಕ್ಕೊಳ್ಳಲಿಲ್ಲ ಇದನ್ನ."

"ಹಾಕ್ಕೊಳ್ಳೋ ದಿನ ಬಂದಿದ್ರೆ ತಾನೇ."

ಮಗಳು ಕತ್ತರಿ ತಂದಳು. ಚಂದ್ರನಲ್ಲಿಗೆ ಹೊರಡುವವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಉಡಾವಣೆಯ ಗೋಪುರದ ಬುಡಕ್ಕೆ ಬಿಡುವ ದಿನ, ಆ ಒಂದೇ ಒಂದು ದಿನ ಹಾಕಿಕೊಳ್ಳಬೇಕೆಂದು ಆಫೀಸಿನವರು ಚಾಲಕನಿಗೆ ಹೊಲಿಸಿಕೊಟ್ಟ ಕೋಟು ಅದು. ಎದೆಯ ಮೇಲಿನ ಲಾಂಛನ ಪುಟ್ಟ ದಿಂಬಿನ ಹಾಗೆ ಉಬ್ಬಿಕೊಂಡಿತ್ತು. ಯೋಜನೆಯ ಹೆಸರು ಬದಲಾದಾಗಲೆಲ್ಲ ಹಳೆಯದರ ಮೇಲೇ ಹೊಸದನ್ನು ಹೊಲಿದದ್ದು. ತೀರ ಅಡಿಯದನ್ನು ಅಮ್ಮ ಹೊಲಿದಿದ್ದಳು. ಮೇಲಿನವು ಮಗಳ ಕೈಯವು.

"ಬಸ್ಸು ಕೇಳಿದ್ದೆ, ಇವನನ್ನ ಅದರಲ್ಲೇ ಕರ್ಕೊಂಡು ಹೋಗೋಣ ಅಂತ," ಎಂದ ಮೇಸ್ತ್ರಿ ದಾರ ಕೀಳುತ್ತ. "ಕೊಡಲ್ಲ ಅಂದ್ರು. ನಾಳೆ ತಾಲೀಮು ಇದೆಯಂತೆ. ಸ್ಮಶಾನಕ್ಕೆ ಹೋಗಿ ಬಂದುಬಿಟ್ರೆ ಟೈರು ಸವೆದುಹೋಗುತ್ತೇನೋ. ಆ ತಾಲೀಮಾದ್ರೂ ಯಾವ ಭಾಗ್ಯಕ್ಕೋ. ಬೆಳಿಗ್ಗೆ ರೇಡಿಯೋ ಕೇಳಿದ್ಯಾ? ಇಳಿಯೋದು ರದ್ದಾಯ್ತಂತೆ. ಹೋದ್ರೂ ಚಂದ್ರನ್ನ ಒಂದು ಸುತ್ತು ಹಾಕಿ ವಾಪಸ್ ಬಂದುಬಿಡ್ತಾರಂತೆ. ಅದೂ ಯಾವಾಗಲೋ ಏನೋ."

"ಅಪ್ಪನಿಗೆ ಹೇಳಬೇಡಿ," ಎಂದುಬಿಟ್ಟಳು ಮಗಳು.

ಕಳೆದ ವರ್ಷವಿಡೀ ಮನೆಗೆ ಬಂದವರಿಗೆಲ್ಲ ಬಾಗಿಲಲ್ಲೇ ಹಾಗೆ ಹೇಳಿ ಹೇಳಿ ನಾಲಗೆಗೆ ರೂಢಿಯಾಗಿತ್ತು. ಮೇಸ್ತ್ರಿ ಉಳಿದ ದಾರ ಕಿತ್ತುಮುಗಿಸಿದ. ಬಿಚ್ಚಿದ ಕೋಟನ್ನು ಇಬ್ಬರೂ ಸೇರಿ ಎದೆಯ ಮೇಲೆ ಹೊದಿಸಿದರು.

*

ಅಪ್ಪನನ್ನು ಆ ಬಸ್ಸಿಗೆ ಆರಿಸಿದಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳಂತೆ. ಬ್ರೇಕು ಹಾಕಿದ್ದು ಒಳಗಿನವರಿಗೆ ಗೊತ್ತಾಗಬಾರದು, ಅಂಥ ಕೈ ಬೇಕೆಂದು ಹುಡುಕಿ ಆರಿಸಿದ್ದರು. ಯಾತ್ರಿಗಳ ವಸತಿಯಿಂದ ಗೋಪುರದವರೆಗೆ ಕುರುಚಲು ಬಯಲಿನ ನಡುವೆ ನೇರವಾದ ರಸ್ತೆ. ತಾಲೀಮಿನ ದಿನಗಳಲ್ಲಿ ದಪ್ಪ ಉಡುಪು ತೊಟ್ಟು, ಮಡಿಲಲ್ಲಿ ಶಿರಸ್ತ್ರಾಣ ಇಟ್ಟುಕೊಂಡು ಕೂತ ಯಾತ್ರಿಗಳನ್ನು ಅಪ್ಪ ಅಲ್ಲಿಗೆ ಬಿಡುತ್ತಿದ್ದ. ಅವರು ಲಿಫ್ಟಿನಲ್ಲಿ ಮೇಲೆ ಹೋಗಿ, ಎಲ್ಲ ನಡೆಸಿದ ಹಾಗೆ ಮಾಡಿ, ಕೆಳಗಿಳಿದು ಬರುತ್ತಿದ್ದರು. ಅಪ್ಪ ಅವರನ್ನು ವಾಪಸ್ ಕರೆತರುತ್ತಿದ್ದ.

ಮೊದಲು ರಾಕೆಟ್ ಸಿದ್ಧವಿರಲಿಲ್ಲ. ರಾಕೆಟ್ ಸಿದ್ಧವಾದಾಗ ಇಳಿಯುವ ನೌಕೆ ಇರಲಿಲ್ಲ. ಆಮೇಲೆ ಸರ್ಕಾರ ಬದಲಾಯಿತು. ಮೊದಲು ಚಂದ್ರನ ಸುತ್ತ ಒಂದು ನಿಲ್ದಾಣ ಕಟ್ಟೋಣ, ಇಳಿಯುವ ಮಾತು ಆಮೇಲೆ ಎಂದರು. ಅದರ ಮುಂದಿನ ಸರ್ಕಾರ ನಿಲ್ದಾಣವೇ ಬೇಡ, ನೇರ ಇಳಿಯೋಣ ಎಂದಿತು. ತರಬೇತಿಗೆ ಬಂದಾಗ ಯುವಕರಾಗಿದ್ದವರು ಕನ್ನಡಕ ಹಾಕಿಕೊಂಡು ಪಟ್ಟಿಯಿಂದ ಜಾರಿದರು. ಅವರ ಜಾಗಕ್ಕೆ ಬಂದವರ ತಲೆಯೂ ನರೆಯಿತು. ಬೀದಿಯವರು ಅಪ್ಪನನ್ನು "ಚಂದ್ರಲೋಕ" ಎಂದೇ ಕರೆಯುತ್ತಿದ್ದರು. "ಏನು ಚಂದ್ರಲೋಕ, ಇನ್ನೂ ಇಲ್ಲೇ ಇದೀರಾ?" ಎಂದು ಅಂಗಡಿಯವನು ಕಾಲೆಳೆದರೆ, "ಚಂದ್ರನೇನು ಓಡಿಹೋಗ್ತಾನಾ? ನಾವೇ ಸ್ವಲ್ಪ ತಡ," ಎನ್ನುತ್ತಿದ್ದ. ನಿವೃತ್ತಿಯಾದ ಮೇಲೂ ಕೈಕಾಲು ಹಿಡಿದು ಉಳಿದುಕೊಂಡ. ಕೊನೆಗೆ ಕಣ್ಣು ಮಂಜಾಗಿ ರಸ್ತೆಯ ಅಂಚು ಕಾಣದಾದಾಗ ಬಸ್ಸಿನ ಕೀಲಿಕೈಯನ್ನು ಆಫೀಸಿನವರೇ ಇಸಿದುಕೊಂಡರು. ಅಂದು ಮನೆಗೆ ನಡೆದುಕೊಂಡು ಬಂದ. ಮಗಳಿಗೆ ಏನೂ ಹೇಳಲಿಲ್ಲ, ಊಟಕ್ಕೂ ಏಳಲಿಲ್ಲ.

*

ಸೋದರಮಾವ ಬಂದಿದ್ದಾರೆಂದು ಯಾರೋ ಹೇಳಿದರು. ಮಗಳು ಹೊರಗೆ ಹೋಗಿ ನೋಡಿದರೆ ಮಾವ ಗೇಟಿನ ಆಚೆಯೇ ನಿಂತಿದ್ದರು. ರೈಲಿನಲ್ಲಿ ಗಾರ್ಡ್ ಆಗಿದ್ದವರು. ಈ ಇಳಿವಯಸ್ಸಿನಲ್ಲೂ ಬೆನ್ನು ಬಾಗಿರಲಿಲ್ಲ. ಅಮ್ಮ ಸತ್ತಂದಿನಿಂದ ಈ ಮನೆಯ ಹೊಸ್ತಿಲು ತುಳಿದವರಲ್ಲ. ತಂಗಿಯ ಮಗಳನ್ನು ನೋಡಬೇಕೆನಿಸಿದಾಗ ಅವಳು ಕೆಲಸಕ್ಕಿದ್ದ ಔಷಧಿ ಅಂಗಡಿಗೆ ಬಂದು, ಬೇಡದ ತಲೆನೋವಿನ ಮಾತ್ರೆ ಕೊಂಡು, ಮಾತಾಡಿಕೊಂಡು ಹೋಗುತ್ತಿದ್ದರು.

"ಒಳಗೆ ಬನ್ನಿ ಮಾವ."

"ನಿನ್ನ ಮುಖ ನೋಡೋಕೆ ಬಂದೆ. ನೋಡಿದೆ."

"ಇವತ್ತಾದ್ರೂ ಬಿಟ್ಟುಬಿಡಿ. ಎಷ್ಟು ಸಲ ಹೇಳಿದೀನಿ, ಅಪ್ಪನಿಗೇನು ಗೊತ್ತಿತ್ತು? ಮುಂದಿನ ವಾರ, ಮುಂದಿನ ವಾರ ಅಂತ ಆಫೀಸಿನವರು ಮೋಸ ಮಾಡಿದ್ರು. ಒಂದು ವರ್ಷ ಆಗುತ್ತೆ ಅಂತ ಬಾಯಿ ಬಿಟ್ಟು ಹೇಳಿದ್ರೆ ಅಪ್ಪ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗದೆ ಇರ್ತಿದ್ರಾ?"

ಮಾವ ಗೇಟಿನ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ನಿಂತರು. ತುಕ್ಕು ಪುಡಿಪುಡಿಯಾಗಿ ಉದುರಿತು.

"ಸತ್ತವನ ಹತ್ತಿರ ಏನು ಜಗಳ," ಎಂದು ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದರು.

*

ಅಮ್ಮ ಸತ್ತ ಆ ವರ್ಷ ಉಡಾವಣೆಗೆ ಎಲ್ಲವೂ ಕೂಡಿಬಂದಿತ್ತು. ರಾಕೆಟ್ ಗೋಪುರದಲ್ಲಿ ನಿಂತಿತ್ತು, ಯಾತ್ರಿಗಳು ವಸತಿಯಲ್ಲಿದ್ದರು, ಅಪ್ಪನ ಬಿಳಿ ಕೋಟು ಇಸ್ತ್ರಿಯಾಗಿ ಗೂಟದ ಮೇಲಿತ್ತು. ಅದೇ ಹೊತ್ತಿಗೆ ಅಮ್ಮನ ಹೊಟ್ಟೆನೋವಿಗೆ ಹೆಸರು ಸಿಕ್ಕಿತು. ಗಡ್ಡೆ ಇದೆ, ದೊಡ್ಡ ಊರಿನ ಆಸ್ಪತ್ರೆಗೆ ಬೇಗ ಕರೆದುಕೊಂಡು ಹೋಗಿ, ತೆಗೆಸಿದರೆ ಬದುಕುತ್ತಾರೆ ಎಂದರು ಡಾಕ್ಟರು.

ಮಾವ ರೈಲಿನಲ್ಲಿ ಜಾಗ ಹಿಡಿಸಿ ಬಂದರು. "ಇವನು ಬರದಿದ್ರೆ ಬೇಡ, ನಾನು ಕರ್ಕೊಂಡು ಹೋಗ್ತೀನಿ, ಏಳು."

ಅಮ್ಮನಿಗೆ ಆಸ್ಪತ್ರೆ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. "ಅವರ ಜೊತೆಗೇ ಹೋಗ್ತೀನಿ ಅಣ್ಣ. ಮುಂದಿನ ವಾರ ರಾಕೆಟ್ ಹಾರಿಬಿಡುತ್ತಂತೆ. ಆಮೇಲೆ ಅವರಿಗೆ ರಜ."

ಮುಂದಿನ ವಾರ ಹಾರಲಿಲ್ಲ. ಇಂಧನದ ಒಂದು ಕವಾಟ ಸೋರುತ್ತಿತ್ತು. ಸರಿಮಾಡುತ್ತಿದ್ದೇವೆ, ಇನ್ನೊಂದು ವಾರ ಎಂದು ಪ್ರಕಟಣೆ ಬಂತು. ಆ ವಾರ ಕಳೆದ ಮೇಲೆ ಮತ್ತೊಂದು. ಉಡಾವಣೆಯ ಕೆಲಸಕ್ಕೆ ಸರದಿಯಲ್ಲಿರುವವರು ಊರು ಬಿಡಕೂಡದೆಂದು ಆಫೀಸಿನವರ ನಿಯಮ. ಅಪ್ಪ ಪ್ರತಿ ಸಲವೂ ಬಂದು ಅಮ್ಮನ ಕಾಲಬುಡದಲ್ಲಿ ಕೂತು, "ಇದೊಂದೇ ವಾರ ಕಣೆ," ಎನ್ನುತ್ತಿದ್ದ. ಮೊದಮೊದಲು ಅಮ್ಮ ಗೇಟಿನವರೆಗೆ ಬಂದು ಅವನನ್ನು ಕಳಿಸಿಕೊಡುತ್ತಿದ್ದಳು. ಆಮೇಲೆ ಹೊಸ್ತಿಲವರೆಗೆ. ಆಮೇಲೆ ಮಲಗಿದಲ್ಲಿಂದಲೇ ತಲೆಯಾಡಿಸುತ್ತಿದ್ದಳು. ಮಗಳು ಆಗ ಶಾಲೆಯ ಕೊನೆಯ ತರಗತಿಯಲ್ಲಿದ್ದಳು. ಮನೆಗೆ ಬಂದು ಅಮ್ಮನ ತಲೆ ಬಾಚುತ್ತಿದ್ದಳು, ಹಣಿಗೆಯ ತುಂಬ ಕೂದಲು ಬರುತ್ತಿತ್ತು.

ಅಮ್ಮ ಹೋದ ಮೇಲೆ ಒಂದು ದಿನ, ಉಡಾವಣೆ ಒಂದು ವರ್ಷಕ್ಕೂ ಮೀರಿ ಮುಂದಕ್ಕೆ ಹೋಗಿದೆಯೆಂದು ಪತ್ರಿಕೆಯಲ್ಲಿ ಬಂತು.

*

ಮಧ್ಯಾಹ್ನದ ಹೊತ್ತಿಗೆ, ಹಿಂದೆ ಯಾತ್ರಿಗಳ ತಂಡದ ನಾಯಕಿಯಾಗಿದ್ದ ಕ್ಯಾಪ್ಟನ್ ಮೇಡಂ ಬಂದರು. ಒಂದು ಕಾಲದಲ್ಲಿ ಮಗಳ ಶಾಲೆಯ ಗೋಡೆಯ ಮೇಲೆ ಅವರ ದೊಡ್ಡ ಚಿತ್ರವಿತ್ತು: ತೋಳಲ್ಲಿ ಶಿರಸ್ತ್ರಾಣ, ಹಿಂದೆ ಚಂದ್ರ. ಈಗ ಊರುಗೋಲು ಹಿಡಿದು ಊರಿನ ಬಸ್ಸಿನಲ್ಲಿ ಬಂದಿದ್ದರು. ಕೂತವರಲ್ಲಿ ಅರ್ಧ ಜನಕ್ಕೆ ಅವರ ಗುರುತು ಹತ್ತಲಿಲ್ಲ. ಅಪ್ಪನ ಕಾಲಬಳಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ಮಗಳು ಚಹಾಕ್ಕೆ ನೀರಿಟ್ಟಿದ್ದಳು.

"ನಿಮ್ಮಪ್ಪನ ವಿಷಯ ಒಂದು ಮಾತು ನಿನಗೆ ಹೇಳಬೇಕು ಅಂತಾನೇ ಬಂದೆ," ಎಂದರು. "ಅಂಥವರು ಇನ್ನು ಹುಟ್ಟಲ್ಲ ಬಿಡು. ಆ ಕವಾಟದ ಗಲಾಟೆ ಆಯ್ತಲ್ಲ, ಗೊತ್ತಾ ನಿನಗೆ?"

"ಗೊತ್ತು."

"ಅದು ಆ ವರ್ಷ ಸರಿಹೋಗಲ್ಲ ಅಂತ ನಮಗೆಲ್ಲ ಶುರುವಿನಲ್ಲೇ ಗೊತ್ತಿತ್ತು. ಹೊರಗೆ ಹೇಳೋ ಹಾಗಿರಲಿಲ್ಲ. ಹೇಳಿದ್ರೆ ಜನ ಚದುರಿಹೋಗ್ತಾರೆ, ಮೇಲಿನವರು ಯೋಜನೇನೇ ಮುಚ್ಚಿಬಿಡ್ತಾರೆ ಅಂತ ವಾರ ವಾರ ಅಂತಿದ್ರು. ನನಗೆ ಮನಸ್ಸು ತಡೀಲಿಲ್ಲ. ಎರಡನೇ ವಾರದ ತಾಲೀಮು ಮುಗಿಸಿ ವಾಪಸ್ ಬರ್ತಾ ಇದ್ವಿ. ಮುಂದಿನ ಸೀಟಿಗೆ ಹೋಗಿ ನಿಮ್ಮಪ್ಪನ ಕಿವೀಲಿ ಹೇಳಿದೆ, 'ಇದು ಈ ವರ್ಷ ಹಾರಲ್ಲ. ಮನೇಲೇನಾದ್ರೂ ಕೆಲಸ ಇದ್ರೆ ರಜ ಹಾಕಿ ಹೋಗಿಬಿಡಿ' ಅಂತ."

ನೀರು ಮರಳುತ್ತಿತ್ತು. ಮಗಳು ಚಹಾಪುಡಿಯ ಡಬ್ಬಿಯ ಮುಚ್ಚಳ ತೆರೆದು ಹಿಡಿದುಕೊಂಡು ನಿಂತಳು.

"ಏನಂದ್ರು ಅಪ್ಪ?"

"ಅದೇ ಹೇಳೋಕೆ ಬಂದಿದ್ದು. 'ಮನೇಲಿ ಎಲ್ಲ ಚೆನ್ನಾಗಿದೆ ಮೇಡಂ. ನಾನೊಂದ್ಸಲ ಎದ್ರೆ ಈ ಸೀಟಲ್ಲಿ ಇನ್ನೊಬ್ಬ ಬಂದು ಕೂರ್ತಾನೆ. ನಿಮ್ಮನ್ನ ನಾನೇ ಬಿಡಬೇಕು' ಅಂದ್ರು." ಕ್ಯಾಪ್ಟನ್ ಮೇಡಂ ಕಣ್ಣು ಒರೆಸಿಕೊಂಡರು. "ನಾನಂತೂ ಚಂದ್ರನಲ್ಲಿಗೆ ಹೋಗಲಿಲ್ಲ. ಆದ್ರೆ ನಮ್ಮನ್ನ ಅಷ್ಟು ನಂಬಿದವರು ಅವರೊಬ್ಬರೇ ಕಣಮ್ಮ."

ಆ ಎರಡನೇ ವಾರ ಅಮ್ಮ ಇನ್ನೂ ಗೇಟಿನವರೆಗೆ ಬರುತ್ತಿದ್ದಳು.

"ನಮ್ಮಮ್ಮ ಯಾವಾಗ ಹೋದ್ರು ಅಂತ ನಿಮಗೆ ಗೊತ್ತಾ ಮೇಡಂ?" ಎಂದು ಕೇಳಬೇಕೆಂದುಕೊಂಡಳು ಮಗಳು. ಕೇಳಲಿಲ್ಲ. ಚಹಾ ಸೋಸಿ ಲೋಟ ಅವರ ಕೈಗಿಟ್ಟಳು. "ಸಕ್ಕರೆ ಸಾಕಾ ನೋಡಿ," ಎಂದಳು.

ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದು ಅಮ್ಮನ ಕಾಲಬುಡದಲ್ಲಿ ಕೂತು ಇದೊಂದೇ ವಾರ ಅನ್ನುತ್ತಿದ್ದ. ಮೇಡಂ ಮಾತನ್ನು ನಂಬದೆ ಹೋದನೇ? ಗಡ್ಡೆಯ ಮಾತನ್ನೇ ನಂಬದೆ ಹೋದನೇ? ಇಲ್ಲ, ಎರಡನ್ನೂ ನಂಬಿ, ತೂಗಿ ನೋಡಿ, ಸೀಟೇ ಹೆಚ್ಚೆಂದುಕೊಂಡನೇ? ಅಮ್ಮನಿಗೂ ಹೇಳಿದ್ದನೇ? ಇಷ್ಟು ವರ್ಷ ಮಗಳು ಒಂದೇ ಸೂರಿನಡಿ ಅವನಿಗೆ ಬೇಯಿಸಿ ಹಾಕಿದ್ದಳು, ಅವನ ಕಣ್ಣಿಗೆ ಹನಿ ಬಿಟ್ಟಿದ್ದಳು, ಅವನ ಪರವಾಗಿ ಮಾವನೊಡನೆ ಗಂಟಲು ಹರಿದುಕೊಂಡಿದ್ದಳು. ಇವತ್ತು ಬೆಳಿಗ್ಗೆ ಕೂಡ. ಇನ್ನು ಕೇಳೋಣವೆಂದರೆ ಯಾರನ್ನು ಕೇಳುವುದು? ಒಳಗೆ ಮಲಗಿದ್ದವನ ಮುಖ ನಿನ್ನೆ ಇದ್ದ ಹಾಗೆಯೇ ಇತ್ತು.

"ಎಲ್ಲಿದ್ದೀಯಮ್ಮ, ವ್ಯಾನು ಬಂತು," ಎಂದು ಮೇಸ್ತ್ರಿ ಕೂಗಿದ.

*

ಅಮ್ಮನ ಪಕ್ಕದಲ್ಲೇ ಗುಂಡಿ ತೋಡಿದ್ದರು. ಹೊರುವವರು ಸಾಲದೆ ಬಂದಾಗ ಮಾವ ತಾವೇ ಮುಂದೆ ಬಂದು ಹೆಗಲು ಕೊಟ್ಟರು. ಕಲ್ಲು ಎಡವಿ ಒಮ್ಮೆ ಮುಗ್ಗರಿಸಿದರು. ಮೇಸ್ತ್ರಿ ಬದಲಾಗುತ್ತೇನೆಂದರೂ ಬಿಡಲಿಲ್ಲ. ಹಗ್ಗದಲ್ಲಿ ಪೆಟ್ಟಿಗೆ ಕೆಳಗಿಳಿಯಿತು. ಗ್ಯಾರೇಜಿನ ನಾಲ್ಕಾರು ಜನ, ಬೀದಿಯ ಅಂಗಡಿಯವನು, ಬೇಲಿಗೊರಗಿ ನಿಂತ ಕ್ಯಾಪ್ಟನ್ ಮೇಡಂ. ಆಫೀಸಿನಿಂದ ಒಂದು ಹೂವಿನ ಚಕ್ರ ಬಂದಿತ್ತು. ಅದರ ಪಟ್ಟಿಯ ಮೇಲೆ ಯೋಜನೆಯ ಹಳೆಯ ಹೆಸರೇ ಇತ್ತು.

ಮಾವ ಮಗಳ ಪಕ್ಕಕ್ಕೆ ಬಂದು ನಿಂತರು.

"ನಾನು ತಪ್ಪು ಮಾಡಿದೆ ಕಣೇ," ಎಂದರು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ನೀನು ಹೇಳ್ತಾನೇ ಇದ್ದೆ, ನನ್ನ ತಲೆಗೇ ಹೋಗಲಿಲ್ಲ. ಇಷ್ಟು ವರ್ಷ ಅವನ ಮುಖ ನೋಡಲಿಲ್ಲ. ಪಾಪ, ಅವನಿಗಾದ್ರೂ ಏನು ಗೊತ್ತಿತ್ತು."

ಮಗಳು ಬಾಯಿ ತೆರೆದಳು. ಮಾವನ ಹೆಗಲ ಮೇಲೆ ಪೆಟ್ಟಿಗೆಯ ಮರ ಒತ್ತಿದ ಗುರುತು ಅಂಗಿಯಲ್ಲಿ ಗೆರೆಯಾಗಿ ಉಳಿದಿತ್ತು.

"ಹೌದು ಮಾವ," ಎಂದಳು.

"ಮೊದಲ ಹಿಡಿ ನಿಂದೇ," ಎಂದು ಯಾರೋ ಹಿಂದಿನಿಂದ ಹೇಳಿದರು. ಅವಳು ಬಗ್ಗಿ ರಾಶಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ತೇವದ ಮಣ್ಣು, ಬೆರಳಿನ ಸಂದಿಯಲ್ಲಿ ಬೇರಿನ ಚೂರು ಸಿಕ್ಕಿಕೊಂಡಿತ್ತು. ಗುಂಡಿಯ ಅಂಚಿಗೆ ಹೋಗಿ ನಿಂತಳು. ಕೈ ಮುಂದೆ ಚಾಚಿದಳು. ಎಲ್ಲರೂ ಕಾಯುತ್ತಿದ್ದರು.

ಆಮೇಲೆ ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪಕ್ಕಕ್ಕೆ ನಡೆದಳು. ಹುಲ್ಲು ಬೆಳೆದು ನೆಲಕ್ಕೆ ಕುಸಿದಿದ್ದ ಅಮ್ಮನ ದಿಬ್ಬದ ಬಳಿ ಮಂಡಿಯೂರಿ ಕೂತು, ಆ ಹಿಡಿ ಮಣ್ಣನ್ನು ಅದರ ಮೇಲೆ ಹಾಕಿ, ಅಂಗೈಯಿಂದ ನಿಧಾನವಾಗಿ ಹರಡತೊಡಗಿದಳು. ದುಃಖಕ್ಕೆ ದಿಕ್ಕು ತಪ್ಪಿರಬೇಕೆಂದು ಮಾವ ಅವಳ ಕಡೆಗೆ ಒಂದು ಹೆಜ್ಜೆ ಇಟ್ಟು ನಿಂತರು. ಗುಂಡಿ ತೋಡಿದವನು, ಇನ್ನು ಮುಚ್ಚಬಹುದೋ ಬೇಡವೋ ತಿಳಿಯದೆ, ಸಲಿಕೆ ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ.