ಎರಡಾಳುದ್ದದ ಮಂಚ

ವಿಪಾಶಾ ನದಿ ದಾಟುವುದಿಲ್ಲ ಎಂದು ಸೈನ್ಯ ಹಟ ಹಿಡಿದ ಮೇಲೆ ಅಲೆಕ್ಸಾಂಡರ್ ದೊರೆ ಮುನಿಸಿಕೊಂಡು ಡೇರೆಯೊಳಗೆ ಕೂತ. ಸಮಾಧಾನ ಮಾಡಲು ಯಾರೂ ಹೋಗಲಿಲ್ಲ. ಕೊನೆಗೆ ಶಕುನದವರು ಕುರಿ ಕುಯ್ದು, ಅದರ ಕರುಳಿನಲ್ಲಿ ದೇವರ ಅಭಿಪ್ರಾಯವೂ ಸೈನ್ಯದ ಅಭಿಪ್ರಾಯವೂ ಒಂದೇ ಆಗಿರುವುದನ್ನು ಕಂಡುಹಿಡಿದರು. ದೊರೆ ಸೋತದ್ದು ದೇವರಿಗೆ, ಸೈನ್ಯಕ್ಕಲ್ಲ ಎಂದಾಯಿತು. ಹಿಂದಿರುಗುವ ಅಪ್ಪಣೆ ಹೊರಟಿತು. ತಲೆ ನರೆತ ಈಟಿಗಾರರು ಮಳೆಯಲ್ಲಿ ನಿಂತು ಬಾಯಿಬಿಟ್ಟು ಅತ್ತರು.

ಬಡಗಿ ಮಖಾತ ಮಾತ್ರ ಅಳುತ್ತ ನಿಲ್ಲದೆ ತಮ್ಮನ ಡೇರೆಗೆ ಓಡಿದ. ತಮ್ಮ ಡೆರ್ದ ಈಟಿಗಾರ. ಚಳಿಜ್ವರ ಬಂದು ಹುಲ್ಲಿನ ಮೇಲೆ ಮುದುಡಿ ಮಲಗಿದ್ದ.

"ಏಳೋ, ಊರಿಗೆ ಹೋಗ್ತಿದೀವಿ!"

"ಹೋಗಣ್ಣ, ಸುಳ್ಳು ಹೇಳ್ಬೇಡ. ನೀನು ಬಡಗಿ. ಯಾವ ಬಡಗಿ ಹೇಳಿದ ದಿನಕ್ಕೆ ಕೆಲ್ಸ ಮುಗ್ಸಿದಾನೆ?"

ಅಷ್ಟು ಹೇಳಿ ಡೆರ್ದ ನಕ್ಕ. ನಗುವಾಗ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

ಒರೆಸ್ತಿಸ್‌ನ ಗುಡ್ಡಗಳಲ್ಲಿದ್ದ ತಮ್ಮ ಊರಿನಿಂದ ಇಬ್ಬರೂ ಹೊರಟ ದಿನ ಅವರವ್ವ ಆಡಿನ ದೊಡ್ಡಿಯ ಬಾಗಿಲಲ್ಲಿ ನಿಂತು ಹಿರಿಯವನಿಗೆ ಒಂದು ಮಾತು ಹೇಳಿದ್ದಳು. "ಇವನನ್ನ ಕರ್ಕೊಂಡು ಬಾ. ಆಗ್ಲಿಲ್ಲ ಅಂದ್ರೆ ಎಲುಬನ್ನಾದ್ರೂ ತಗೊಂಡು ಬಾ. ನಿಮ್ಮಪ್ಪನ ಪಕ್ಕದಲ್ಲಿ ಇಡ್ತೀನಿ. ಕಂಡೋರ ಮಣ್ಣಲ್ಲಿ ಬಿಟ್ಟು ಮಾತ್ರ ಬರ್ಬೇಡ." ಸತ್ತವರನ್ನು ಸುಡುವುದು, ಎಲುಬನ್ನು ದ್ರಾಕ್ಷಾರಸದಲ್ಲಿ ತೊಳೆಯುವುದು, ಗಡಿಗೆಯಲ್ಲಿಟ್ಟು ಮನೆಯವರ ಪಕ್ಕ ಹೂಳುವುದು ಆ ಗುಡ್ಡದವರ ಪದ್ಧತಿ. ಎಲುಬು ಮನೆ ಸೇರದವನು ಸತ್ತ ಮೇಲೂ ಯಾವುದೋ ಹೊಳೆಯ ದಂಡೆಯಲ್ಲಿ ನೆನೆಯುತ್ತ ನಿಲ್ಲುತ್ತಾನಂತೆ. ನೆನೆಯುವುದು ಅಂದರೇನೆಂದು ಮಖಾತನಿಗೆ ಈಗ ಚೆನ್ನಾಗಿ ಗೊತ್ತಿತ್ತು. ಈ ದೇಶದ ಮಳೆ ನಿಲ್ಲುವ ಅಭ್ಯಾಸವನ್ನೇ ಇಟ್ಟುಕೊಂಡಿರಲಿಲ್ಲ.

ಹಿಂದಿರುಗುವ ಮುನ್ನ ದೊರೆಯಿಂದ ಇನ್ನೊಂದು ಅಪ್ಪಣೆ ಬಂತು. ಬಿಟ್ಟುಹೋಗುವ ಪಾಳೆಯವನ್ನು ದೊಡ್ಡದಾಗಿ ಕಟ್ಟಬೇಕು. ಬೀಡು ಮೂರು ಪಟ್ಟು, ಕುದುರೆಯ ಗೋದಲಿ ಆಳೆತ್ತರ, ಪ್ರತಿ ಗುಡಿಸಲಿನಲ್ಲಿ ಎರಡಾಳುದ್ದದ ಮಂಚ. ಆ ಕೆಲಸದ ದಳಪತಿ ಏರೋಪ, ಇವರದೇ ಗುಡ್ಡದವನು; ಚಿಕ್ಕಂದಿನಲ್ಲಿ ಮಖಾತನ ಜೊತೆ ಆಡು ಕಾಯ್ದವನು. ಅವನು ಬಡಗಿಗಳನ್ನು ಸೇರಿಸಿ ವಿವರಿಸಿದ.

"ನಾಳೆ ಹೊಳೆಯಾಚೆಯೋರು ಬಂದು ನೋಡಿದ್ರೆ, ಇಲ್ಲಿಗೆ ಬಂದಿದ್ದೋರು ದೈತ್ಯರು ಅನ್ಬೇಕು."

ಮಖಾತನ ಜೊತೆಗಾರ ಗವಾನ ಬಾಯಿ ಸುಮ್ಮನಿಟ್ಟುಕೊಳ್ಳುವವನಲ್ಲ. "ಅಂಥಾ ದೈತ್ಯರು ವಾಪಸ್ ಯಾಕೆ ಹೋದ್ರು ಅಂತ ಕೇಳಿದ್ರೆ?"

"ಮಂಚ ಸಾಲ್ಲಿಲ್ಲ ಅಂತ ಹೇಳು," ಎಂದ ಏರೋಪ, ನಗದೆ.

ಆಗ ಮಖಾತ ಬಾಯಿ ಹಾಕಿದ. ಹಸಿಮರದಲ್ಲಿ ಮಂಚ ಮಾಡಿದರೆ ಬಿಸಿಲು ಬಿದ್ದ ಕೂಡಲೇ ಸೊಟ್ಟಗಾಗಿ ಸೀಳಿಹೋಗುತ್ತದೆ ಎಂದ. ಹೊಳೆ ದಾಟಲು ಸೇತುವೆಗೆಂದು ತಂದು, ತೊಗಲು ಹೊದಿಸಿ ಇಟ್ಟಿದ್ದ ಒಣ ತೊಲೆಗಳಿದ್ದವು. ದಾಟುವುದಿಲ್ಲ ಎಂದ ಮೇಲೆ ಸೇತುವೆ ಯಾಕೆ? "ಸುಳ್ಳು ಹೇಳೋದೇ ಆದ್ರೆ ಒಣಮರದಲ್ಲಿ ಹೇಳೋಣ ಏರೋಪಣ್ಣ. ತಲೆಮಾರು ಬಾಳಿಕೆ ಬರತ್ತೆ." ಏರೋಪ ಅವನ ಬೆನ್ನು ತಟ್ಟಿದ. ತೊಲೆಗಳೆಲ್ಲ ಮಂಚಗಳಾದವು. ಉಳಿದ ಕೊನೆಯ ಚೂರುಗಳು ದೊರೆ ಕಟ್ಟಿಸಿದ ಗೋಪುರದೆತ್ತರದ ಬಲಿಪೀಠಗಳ ಮೇಲೆ, ಎತ್ತು ಕುರಿಗಳ ಜೊತೆ ಉರಿದು, ದೇವರಿಗೆ ಹೋದವು.

ಮಖಾತ ಮಂಚಗಳನ್ನು ಪ್ರೀತಿಯಿಂದಲೇ ಮಾಡಿದ. ಕಾಲುಗಳಿಗೆ ಸಿಂಹದ ಪಂಜ ಕೆತ್ತಿದ, ಮಳೆ ಹಿಡಿಯದಂತೆ ಕೊಬ್ಬು ಬಳಿದ. ಅದನ್ನೆಲ್ಲ ತಮ್ಮನಿಗೆ ವರ್ಣಿಸಿ ಹೇಳಿದಾಗ ಡೆರ್ದ ಕಣ್ಣು ಮುಚ್ಚಿಕೊಂಡೇ ಅಂದ: "ಒಂದರಲ್ಲಿ ನನ್ನ ಮಲಗ್ಸಣ್ಣ. ಬೆನ್ನು ನೆಂದುಹೋಗಿದೆ."

ಸೈನ್ಯ ಹೊರಡುವ ದಿನ ಬೆಳಿಗ್ಗೆ ಡೆರ್ದ ಸತ್ತ.

ಮಖಾತ ಕೊಡಲಿ ಹಿಡಿದು ಚಿತೆಗೆಂದು ಹೊಳೆಯ ದಂಡೆಯ ಮರ ಕಡಿದ. ಕಡಿದ ಗಾಯದಿಂದ ನೀರು ಸುರಿಯಿತು. ಮುರಿದ ಗಾಡಿಯ ಚಕ್ರ ತಂದ. ಅದು ಹಿಂಡಿದರೆ ನೀರು ಬರುವ ಹಾಗಿತ್ತು. ಕೊಡಲಿಯನ್ನು ಅಲ್ಲೇ ಬಿಸುಟು ಏರೋಪನ ಬಳಿ ಹೋದ.

"ಒಂದು ಮಂಚ ಕೊಡಣ್ಣ."

ಏರೋಪನಿಗೆ ಅರ್ಥವಾಯಿತು. ಅವನು ಕೆಟ್ಟವನಲ್ಲ. ಕೈ ಚಾಚಿ ತೋರಿಸಿದ. "ಆ ಡೇರೆಗಳ ಸಾಲು ನೋಡು. ಜ್ವರದಲ್ಲಿ ಸತ್ತೋರು ಇನ್ನೂ ಎಷ್ಟು ಜನ ಬಿದ್ದಿದಾರೆ? ನಿಂಗೆ ಕೊಟ್ರೆ ಎಲ್ರಿಗೂ ಕೊಡ್ಬೇಕು. ಪಾಳೆಯ ಹೀಗೇ ಇರ್ಬೇಕು ಅಂತ ದೊರೆ ಅಪ್ಪಣೆ. ಹೂಳಪ್ಪ."

"ಎಲ್ಲಿ ಹೂಳ್ಲಿ? ಹೊಳೆ ಇನ್ನೊಂದು ವಾರಕ್ಕೆ ಇಲ್ಲಿಗೆ ಬರತ್ತೆ."

"ಮಂಚನೂ ತಗೊಂಡು ಹೋಗತ್ತೆ ಬಿಡು," ಎಂದ ಏರೋಪ. ಸಮಾಧಾನದ ಮಾತೆಂದೇ ಅವನು ಅದನ್ನು ಹೇಳಿದ್ದು.

ಉಪಾಯ ಗವಾನನದು. ಕೊನೆಯ ದಳ ಹೊರಡುವಾಗ ಗುಡಿಸಲಿನೊಳಗೇ ಬೆಂಕಿ ಕೊಡುವುದು. ಕೊಬ್ಬು ಬಳಿದ ಒಣಮರ ಭಗ್ಗೆಂದು ಹಿಡಿಯುತ್ತದೆ. ಊರಿನ ಕಡೆ ಮುಖ ಮಾಡಿದವರು ಯಾರು ತಿರುಗಿ ನೋಡುತ್ತಾರೆ? ಇಬ್ಬರೂ ಡೆರ್ದನನ್ನು ಹೊತ್ತು ತಂದು ಮಂಚದ ಮೇಲೆ ಮಲಗಿಸಿದರು. ಗವಾನ ಕೆಂಡದ ಮಡಕೆಯನ್ನು ಹೊದಿಕೆಯೊಳಗೆ ಮಗುವಿನಂತೆ ಬಚ್ಚಿಟ್ಟುಕೊಂಡಿದ್ದ.

ಅಷ್ಟರಲ್ಲಿ ಕೊನೆಯ ಸಲ ಎಲ್ಲ ಗುಡಿಸಲು ನೋಡಿಕೊಂಡು ಬರುತ್ತಿದ್ದ ಏರೋಪ ಒಳಗೆ ಬಂದ.

ಮಂಚದ ಮೇಲೆ ಡೆರ್ದ ಮಗುವಿನಷ್ಟಿದ್ದ. ಅವನ ಪಾದಗಳಿಂದಾಚೆ ಇನ್ನೊಬ್ಬ ಮಲಗುವಷ್ಟು ಜಾಗ ಖಾಲಿ ಬಿದ್ದಿತ್ತು. ಏಷ್ಯಾವನ್ನೆಲ್ಲ ನಡೆದು ಬಂದ ಕಾಲು ಅಷ್ಟೇ ಉದ್ದ.

ಏರೋಪನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಬಾಗಿಲಿನ ಕಂಬ ಹಿಡಿದು ನಕ್ಕ, ನಗುತ್ತ ಕಣ್ಣೊರೆಸಿಕೊಂಡ. ಆಮೇಲೆ ಗವಾನನ ಹೊದಿಕೆಯೊಳಗಿನ ಮಡಕೆ ತೆಗೆದು ಬಾಗಿಲಾಚೆಯ ಕೆಸರುಗುಂಡಿಗೆ ಕವುಚಿದ. ಕೆಂಡ ಚುಂಯ್ ಎಂದಿತು.

"ಇಳಿಸ್ರೋ ಅವನನ್ನ. ಯಾರಾದ್ರೂ ನೋಡಿದ್ರೆ ನಮ್ಮ ಅಳತೆ ಗೊತ್ತಾಗತ್ತೆ."

"ಅಣ್ಣಾ, ನಮ್ಮವ್ವನ ಕೈಯಲ್ಲಿ ಹಾಲು ಕುಡಿದಿದೀಯ ನೀನು."

"ಕುಡಿದಿದೀನಿ. ಅದಕ್ಕೇ ನಿಮ್ಮನ್ನ ದಂಡನೆಗೆ ಒಪ್ಸದೆ ಇದೀನಿ. ಬೇಗ ಮಾಡಿ." ಹೋಗುವಾಗ ತಿರುಗಿ ಹೇಳಿದ: "ಅವ್ವನ ಮುಖ ಈಗ್ಲೇ ನೆನೆಸ್ಕೊಂಡು ಕೂರ್ಬೇಡ. ಹಿಂದಕ್ಕೆ ಅಂದ್ರೆ ಊರಿಗೆ ಅಂತ ಯಾರು ಹೇಳಿದ್ದು? ಹಿಂದೆ ದಾಟಿ ಬಂದ ಹೊಳೆಯಲ್ಲಿ ಹಡಗು ಕಟ್ಟಿ ಸಮುದ್ರದವರೆಗೂ ಹೋಗೋದಂತೆ. ಬಡಗಿಗಳು ಬೇಕು ಅಂದಿದಾರೆ."

ಡೆರ್ದನನ್ನು ಗುಡಿಸಲಿನ ಹಿಂದೆ ಹೂಳಿದರು. ಗುಂಡಿ ತೋಡುವಷ್ಟರಲ್ಲೇ ಅರ್ಧ ನೀರು ತುಂಬಿತ್ತು. ಮಣ್ಣು ಎಳೆಯುವವರೆಗೂ ದೇಹ ಸ್ವಲ್ಪ ತೇಲುತ್ತಿತ್ತು. ಮಖಾತ ಅದರ ಎದೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದ.

ಎಲುಬಿಗೆಂದು ತೊಳೆದಿಟ್ಟಿದ್ದ ಗಡಿಗೆ ಮಖಾತನ ಬಗಲಲ್ಲಿ ಖಾಲಿ ಇತ್ತು. ಗವಾನ ಅದನ್ನು ನೋಡಿದ, ಬಲಿಪೀಠಗಳ ಕಡೆ ನೋಡಿದ, ಮಖಾತನ ತೋಳು ಹಿಡಿದು ಆ ಕಡೆ ನಡೆಸಿದ.

ಪೀಠದ ಮೇಲೆ ಬೂದಿ ಕೆಸರಾಗಿತ್ತು. ಮಖಾತ ಮೊಣಕಾಲೂರಿ ಕೈಯಾಡಿಸಿದ. ಸಿಕ್ಕಿದ್ದು ಎತ್ತಿನ ತೊಡೆಯೆಲುಬು. ತನ್ನ ತೊಡೆಗೆ ಹಿಡಿದು ನೋಡಿದ.

"ದಪ್ಪ ಆಯ್ತು."

"ಕುರೀದು ನೋಡು," ಎಂದ ಗವಾನ, ಹುಡುಕಿಕೊಡುತ್ತ. "ಇದು ಕೈಗೆ ಸರಿಹೋಗತ್ತೆ. ಅವ್ವನ ಕಣ್ಣು ಮಂಜು ಅಂತಿದ್ಯಲ್ಲ."

"ಕೈಯಲ್ಲಿ ಮುಟ್ಟಿ ನೋಡ್ತಾಳೆ."

ಮಖಾತ ಗರಗಸ ತೆಗೆದು, ಕುರಿಯದು ಎಂದು ತಿಳಿಯುವ ಕೀಲಿನ ತುದಿಗಳನ್ನು ಕುಯ್ದ. ಅಂಚುಗಳನ್ನು ಕಲ್ಲಿಗೆ ಉಜ್ಜಿ, ಬೆಂಕಿಯಲ್ಲಿ ತಾನೇ ಮುರಿದದ್ದು ಅನ್ನುವ ಹಾಗೆ ಮಾಡಿದ. ಕೆಲಸ ಅಚ್ಚುಕಟ್ಟಾಗಿ ಬಂತು. ತನ್ನ ಕೈಯಲ್ಲಿ ಅದು ಅಷ್ಟು ಅಚ್ಚುಕಟ್ಟಾಗಿ ಬಂದದ್ದನ್ನು ನೋಡಿ ಅವನು ಗರಗಸವನ್ನು ದೂರ ತಳ್ಳಿದ. ಗವಾನ ತನ್ನ ತೊಗಲಚೀಲದಲ್ಲಿ ಉಳಿದಿದ್ದ ದ್ರಾಕ್ಷಾರಸವನ್ನು ಎಲುಬಿನ ಮೇಲೆ ಸುರಿದ.

ದಾರಿಯಲ್ಲಿ ಇಬ್ಬರೂ ಕೊನೆಯ ಸಾಲನ್ನು ಕೂಡಿಕೊಂಡರು. ಹೆಜ್ಜೆಗೊಮ್ಮೆ ಗಡಿಗೆಯೊಳಗೆ ಸದ್ದಾಗುತ್ತಿತ್ತು. ಪಕ್ಕದಲ್ಲಿ ನಡೆಯುತ್ತಿದ್ದ ಗುರುತಿಲ್ಲದ ಈಟಿಗಾರನೊಬ್ಬ ಅದನ್ನು ಕೇಳಿಸಿಕೊಂಡು ಮೆಲ್ಲಗೆ ವಿಚಾರಿಸಿದ.

"ಯಾರಪ್ಪಾ?"

"ನನ್ನ ತಮ್ಮ," ಎಂದ ಮಖಾತ. ಮಾತು ಎಲ್ಲೂ ಸಿಕ್ಕಿಕೊಳ್ಳದೆ ಬಂತು.

"ಪುಣ್ಯವಂತ. ನಮ್ಮಣ್ಣನ್ನ ಕೆಸರಲ್ಲೇ ಬಿಟ್ಟು ಬಂದೆ."

ಆ ಮನುಷ್ಯ ಮಳೆಯಲ್ಲೇ ತಲೆಯ ಟೊಪ್ಪಿಗೆ ತೆಗೆದ. ಗಡಿಗೆಯ ಮೇಲೆ ಕೈಯಿಟ್ಟು, ಬಹಳ ದೂರ ಹಾಗೆಯೇ ಜೊತೆಗೆ ನಡೆದ.