ಮೆಹ್ತಾಬ್‌ಬೀ ಕಟ್ಟಿಸಿದ ಮನೆ

ಗುಬ್ಬಿಯ ಖಲೀಲನ ಮಗಳ ಮದುವೆ ಕಾರ್ಡು ಅಚ್ಚಾಗಿ ಬಂತು. ಅದರಲ್ಲಿ ಮದುಮಗನ ಹೆಸರಿತ್ತು, ಅವನ ಅಪ್ಪನ, ಮಾವನ ಹೆಸರಿತ್ತು, ಅಚ್ಚು ಹಾಕಿದವನ ಫೋನ್ ನಂಬರೂ ಇತ್ತು. ಮದುಮಗಳ ಹೆಸರು ಮಾತ್ರ ಇರಲಿಲ್ಲ. ‘ಖಲೀಲ್ ಸಾಹೇಬರ ಸುಪುತ್ರಿ’, ಅಷ್ಟೆ. ನಮ್ಮಲ್ಲಿ ಮರ್ಯಾದಸ್ಥರ ಮನೆ ಹೆಣ್ಣಿನ ಹೆಸರು ಬೀದಿಗೆ ಬರಬಾರದಂತೆ.

ಹಾಲು ಹಾಕುವ ಚಿಕ್ಕಗಂಗಮ್ಮ, “ಅಯ್ಯೋ ಖಲೀಲಣ್ಣ, ಗಂಡು ಒಬ್ನೇ ಮದ್ವೆ ಆಯ್ತಾನಾ?” ಎಂದಳು. ಎಲ್ಲರೂ ನಕ್ಕರು. ಎದುರು ಮನೆಯವಳಾದ ನಾನೂ ನಕ್ಕೆ. ಆ ನಗುವಿಗೆ ಈಗ ನಾಚಿಕೆಯಾಗುತ್ತದೆ.

ಒಳಗೆ ಖಲೀಲನ ತಂಗಿ ಶಂಷಾದ್ ರೊಟ್ಟಿ ಲಟ್ಟಿಸುತ್ತಿದ್ದಳು. ಕುಣಿಗಲ್ಲಿನಲ್ಲಿ ಗಂಡ ಸತ್ತು ನಲವತ್ತು ದಿನ ಕಳೆಯುವುದರೊಳಗೆ ಅವನ ತಮ್ಮಂದಿರು ಅವಳನ್ನೂ ಎಂಟು ವರ್ಷದ ತಸ್ಕೀನಳನ್ನೂ ಬಸ್ಸು ಹತ್ತಿಸಿದ್ದರು. ಇಲ್ಲಿ ತಾಯಿ ಮಗಳು ಮಲಗುವುದು ನೀರೊಲೆ ಪಕ್ಕದಲ್ಲಿ. ಹುಡುಗಿಗೆ ಉಬ್ಬಸ. ಹೊಗೆಗೆ ಎದೆ ಗೊರಗೊರ ಅನ್ನುತ್ತಿತ್ತು. ಅತ್ತಿಗೆ ದಿನಾ ಕೇಳುವವಳು: “ನೆಂಟ್ರು ಬರ್ತಾರೆ. ಎಲ್ಲಿಗಾದ್ರೂ ನೋಡ್ಕೊಂಡ್ಯೇನೇ?”

ಎಲ್ಲಿಗೆ ಎಂದು ಹೇಳಿದ್ದು ಪಕ್ಕದ ಮನೆಯ ಸಕೀನಾ ಖಾಲಾ. ಎಂಬತ್ತು ದಾಟಿದ ಮುದುಕಿ. “ಕೆರೆ ರಸ್ತೇಲಿ ಮಸೀದಿ ಕಮಿಟಿಯೋರು ಕುರ್ಚಿ ತುಂಬವ್ರಲ್ಲ, ಆ ಮನೆ ಕಣೇ. ಬಳೆ ಮಾರ್ತಿದ್ದ ಮೆಹ್ತಾಬ್‌ಬೀ ಕಟ್ಸಿದ್ದು. ದಿಕ್ಕಿಲ್ಲದ ಹೆಂಗಸ್ರಿಗೆ ಅಂತ ದೇವರ ಹೆಸರಲ್ಲಿ ಬರೆದು ವಕ್ಫ್ ಮಾಡಿದ್ಲು. ನಮ್ಮಜ್ಜಿ ಸಾಯೋಗಂಟ ಅಲ್ಲೇ ಇದ್ಲು, ಬೀಗದ ಕೈ ಅವಳ ಸೊಂಟದಲ್ಲೇ ಇರ್ತಿತ್ತು.”

“ಬೋರ್ಡಲ್ಲಿ ರಸೂಲ್ ಸಾಹೇಬರ ಧರ್ಮಛತ್ರ ಅಂತೈತಲ್ಲ ಖಾಲಾ?” ಶಂಷಾದ್ ಕೇಳಿದಳು.

“ಅವಳ ಗಂಡ. ಪಾಯ ತೆಗೆಯೋ ಹೊತ್ಗೆ ಅವ್ನು ಸತ್ತು ಆರು ವರ್ಷ! ಗೋರಿಯಿಂದ ಎದ್ಬಂದು ಇಟ್ಟಿಗೆ ಹೊತ್ನೇನು?”

ಶಂಷಾದ್ ತುಮಕೂರಿನ ವಕ್ಫ್ ಕಚೇರಿಗೆ ನಾಲ್ಕು ಸಲ ಅಲೆದು ಪತ್ರದ ನಕಲು ತಂದಳು. ಖಾಲಾ ದಪ್ಪ ಕನ್ನಡಕ ಹಾಕಿಕೊಂಡು ಉರ್ದು ಓದಿದಳು: ಈ ಮನೆಯಲ್ಲಿ ಆಸರೆಯಿಲ್ಲದ ಹೆಂಗಸರು ಇರತಕ್ಕದ್ದು, ಬೀಗದ ಕೈ ಹೆಂಗಸಿನ ಕೈಯಲ್ಲೇ ಇರತಕ್ಕದ್ದು. ಬೋರ್ಡಿನಿಂದ ಮೆಹ್ತಾಬ್‌ಬೀ ಹೆಸರು ಹೋಯಿತು, ಅದರ ಹಿಂದೆಯೇ ಬೀಗದ ಕೈ ಹೋಯಿತು. ಕಳ್ಳತನವನ್ನು ಮರ್ಯಾದೆ ಎಂದು ಕರೆದು ಎಷ್ಟು ತಲೆಮಾರು ತಲೆಬಾಗಿದೆವು!

ಕಮಿಟಿಗೆ ಅರ್ಜಿ ಕೊಟ್ಟು ಹದಿನೈದು ದಿನವಾಯಿತು, ಉತ್ತರವಿಲ್ಲ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಶಂಷಾದ್ ಕೆರೆ ರಸ್ತೆಗೇ ಹೋದಳು. ತಸ್ಕೀನ್, ಖಾಲಾ, ಕೇರಿಯ ಏಳೆಂಟು ಹೆಂಗಸರು, ನಾನು ಹಿಂದೆ. ಖಲೀಲನ ಮನೆಗೆ ಕುರ್ಚಿ ಸಾಗಿಸಲೆಂದು ಬಾಗಿಲು ತೆರೆದಿತ್ತು. ಕಮಿಟಿ ಅಧ್ಯಕ್ಷ ಮಕ್ಬೂಲ್ ಸಾಬ್ ನಿಂತಿದ್ದರು, ಪಕ್ಕದಲ್ಲಿ ಖಲೀಲ.

“ನೋಡಮ್ಮ, ನಾವೇನು ಕಟುಕರಲ್ಲ. ಒಂದು ರೂಮು ಕೊಡ್ತೀವಿ. ಅರ್ಜಿ ನಿಮ್ಮಣ್ಣನ ಹೆಸರಲ್ಲಿರ್ಲಿ. ಹೆಂಗಸಿನ ಹೆಸರು ಕಮಿಟಿ ಬುಕ್ಕಲ್ಲಿ ಬರೆಯೋ ಪದ್ಧತಿ ಇಲ್ಲ. ನಾಲ್ಕು ಜನ ಓದೋದಲ್ವಾ?”

“ನ್ಯಾಯಬೆಲೆ ಅಂಗಡೀಲಿ ಶಂಷಾದ್ ಅಂತ ಮೈಕಲ್ಲಿ ಕೂಗ್ತಾರೆ ಸಾಬ್. ಅಕ್ಕಿಗೇನೂ ಹುಳ ಬಿದ್ದಿಲ್ಲ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಾಬರ ಮುಖ ಕೆಂಪಾಯಿತು. “ಹಿರೀಕರು ಮಾಡಿಟ್ಟಿದ್ದು, ಅವ್ರೇನು ದಡ್ಡರಾ?”

ಖಾಲಾ ಕೋಲೂರಿ ಮುಂದೆ ಬಂದಳು. “ಮಕ್ಕಾಕ್ಕೆ ಹೋಗೋ ಹಾಜಿಗಳಿಗೆ ದಾರಿಯುದ್ದಕ್ಕೂ ನೀರು ಮಾಡಿಸಿದ್ದು ಖಲೀಫರ ಬೇಗಂ ಜುಬೇದಾ. ಸಾವಿರದಿನ್ನೂರು ವರ್ಷದಿಂದ ಲೋಕ ಅವಳ ಹೆಸರು ಹೇಳ್ತೈತೆ. ಅಲ್ಲಿ ಹೋಗದ ಮಾನ ಗುಬ್ಬೀಲಿ ಹೋಯ್ತದಾ?”

ಸಾಬರು ಅವಳತ್ತ ನೋಡಲೂ ಇಲ್ಲ. ಖಲೀಲನ ಹೆಸರಿಗೆ ಬರೆದಿಟ್ಟಿದ್ದ ಅರ್ಜಿಯನ್ನು ಅವನ ಕೈಗಿಟ್ಟರು. ಖಲೀಲ ತಲೆ ತಗ್ಗಿಸಿ ಪೆನ್ನು ತೆಗೆದ. ತಸ್ಕೀನ್ ಕೆಮ್ಮುತ್ತಿದ್ದಳು. ಒಂದು ಸಹಿ ಬಿದ್ದರೆ ಸಾಕು, ಆ ಮಗುವಿಗೆ ಹೊಗೆಯಿಲ್ಲದ ಕೋಣೆ. ‘ಒಪ್ಕೋ’ ಎಂದು ನನ್ನ ಬಾಯಿಗೇ ಬಂದಿತ್ತು.

ಶಂಷಾದ್ ಅಣ್ಣನ ಕೈ ಹಿಡಿದಳು. “ಬೇಡ ಭಯ್ಯಾ. ಇವತ್ತು ನಿನ್ ಹೆಸರಲ್ಲಿ ಒಳಗೋದ್ರೆ, ನಾಳೆ ನಿನ್ನ ಕೈಲೇ ಆಚೆಗೆ ಹಾಕ್ಸಾರು. ಕುಣಿಗಲ್ಲಲ್ಲೂ ನಾನು ಇನ್ನೊಬ್ರ ಹೆಸರಿನ ಮನೇಲೇ ಇದ್ದೆ.”

“ಹಂಗಾದ್ರೆ ರೂಮಿಲ್ಲ!” ಸಾಬರು ಕಿರುಚಿದರು.

“ಕೊಡೋಕೆ ನಿಮ್ದಲ್ಲ ಸಾಬ್. ಮೆಹ್ತಾಬ್‌ಬೀ ಕೊಟ್ಟಾಗೈತೆ.”

ಅವಳು ಮೆಟ್ಟಿಲು ಹತ್ತಿ ಒಳಗಿಂದ ಒಂದು ಕುರ್ಚಿ ತಂದು ಬೀದಿಯಲ್ಲಿಟ್ಟಳು. ಖಾಲಾಳನ್ನು ಅದರಲ್ಲಿ ಕೂರಿಸಿದಳು. ಮತ್ತೆ ಹೋಗಿ ಎರಡು ತಂದಳು. ನಮ್ಮಲ್ಲೊಬ್ಬಳು ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದಳು, ಅವಳ ಹಿಂದೆ ಎಲ್ಲರೂ. ಬೀದಿ ತುಂಬ ಕುರ್ಚಿಗಳಾದವು.

ಹೆಸರು ಹಿಡಿದು ಗದರಲು ಮಕ್ಬೂಲ್ ಸಾಬ್ ಬಾಯಿ ತೆರೆದರು. ಮೂವತ್ತು ವರ್ಷ ಒಂದೇ ಕೇರಿಯಲ್ಲಿ ಬಾಳಿದ ಮನುಷ್ಯ. ಶಂಷಾದಳ ಹಿಂದೆ ನುಗ್ಗಿದವರಲ್ಲಿ ಒಬ್ಬಳ ಹೆಸರೂ ಗೊತ್ತಿರಲಿಲ್ಲ. “ಏಯ್ ರಫೀಕನ ಹೆಂಡ್ತೀ! ಏಯ್ ಬಾಷಾನ ತಾಯೀ!” ಎಂದು ಕೂಗಿದರು.

ಯಾರೂ ತಿರುಗಲಿಲ್ಲ. ಖಾಲಿಯಾದ ಕೋಣೆಯಲ್ಲಿ ಶಂಷಾದ್ ಪೊರಕೆ ಹುಡುಕುತ್ತಿದ್ದಳು.